ಐದನೇ ನಂಬರು ಮತ್ತು ಇಪ್ಪತ್ತು ನಿಮಿಷದ ನಡಿಗೆ

ಹುಚ್ಚಿ ಎಂದು ನನ್ನನ್ನು ಮೊದಲು ಕರೆದವಳು ನಾನೇ. ಡಾಕ್ಟರು ಆ ಮಾತು ಆಡಲಿಲ್ಲ, ಗಂಡ ಆಡಲಿಲ್ಲ, ಬಾಯಿಗೆ ಬಂದದ್ದನ್ನೆಲ್ಲ ಆಡುವ ನನ್ನ ಅತ್ತೆ ಕೂಡ ಆಡಲಿಲ್ಲ. ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು, ಬಾಯಲ್ಲಿ ಬ್ರಷ್ ಇಟ್ಟುಕೊಂಡು, "ಗಿರಿಜಾ, ನಿಂಗೆ ಹುಚ್ಚು ಹಿಡೀತಿದೆ ಕಣೇ" ಎಂದು ನಾನೇ ಹೇಳಿಕೊಂಡೆ. ಹಾಗೆ ಕನ್ನಡಿಯ ಮುಂದೆ ನಿಂತಿರುವ ಇನ್ನೊಬ್ಬರ ಕೈಗೆ ಇದು ಸಿಕ್ಕರೆ ಸಾಕು ಎಂದು ಬರೆಯುತ್ತಿದ್ದೇನೆ. ಬುದ್ಧಿ ಹೇಳುವ ಉದ್ದೇಶ ನನಗಿಲ್ಲ. ಆ ದಿನಗಳಲ್ಲಿ ನನಗೆ ಬುದ್ಧಿ ಹೇಳಿದವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ.

ತುಮಕೂರಿನ ಅಂಚಿನ ಸತ್ಯಮಂಗಲದಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ಗ್ಯಾಸ್ ಒಲೆಗೆ ಕೂರಿಸುವ ಹಿತ್ತಾಳೆಯ ವಾಲ್ವ್‌ಗಳನ್ನು ಅಲ್ಲಿ ಮಾಡುತ್ತಾರೆ. ನೀವು ಒಲೆಯ ತಿರುಗಣೆ ತಿರುಗಿಸಿದಾಗ ಒಳಗೆ ಗ್ಯಾಸನ್ನು ಬಿಡುವುದೂ ತಡೆಯುವುದೂ ಅದೇ. ಕೊನೆಯ ತಪಾಸಣೆಯ ಮೇಜಿನಲ್ಲಿ ನಾವಿಬ್ಬರು ಹೆಂಗಸರು: ನಾನು, ಮತ್ತು ಊರ್ಡಿಗೆರೆಯಿಂದ ದಿನಾ ಬಸ್ಸಿನಲ್ಲಿ ಬರುವ ಯಶೋದಕ್ಕ. ವಾಲ್ವನ್ನು ಗಾಳಿಯ ಪೈಪಿಗೆ ಸಿಕ್ಕಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಗುಳ್ಳೆ ಬರದಿದ್ದರೆ ಪಾಸು. ಪಾಸಾದದ್ದರ ಮೈಮೇಲೆ ನಮ್ಮ ನಮ್ಮ ನಂಬರನ್ನು ಪಂಚಿನಿಂದ ಒತ್ತಬೇಕು. ಯಶೋದಕ್ಕನದು ಮೂರು, ನನ್ನದು ಐದು. ಒಬ್ಬರ ಪಂಚನ್ನು ಇನ್ನೊಬ್ಬರು ಮುಟ್ಟಿದರೆ ಅವತ್ತೇ ಮನೆಗೆ ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿರುತ್ತಾರೆ. ಯಾರದೋ ಅಡುಗೆಮನೆಯಲ್ಲಿ ಒಂದು ವಾಲ್ವ್ ಸೋರಿದರೆ, ಅದನ್ನು ಪಾಸು ಮಾಡಿದವರು ಯಾರು ಎಂದು ಹೇಳುವುದು ಆ ನಂಬರೊಂದೇ.

ಹನ್ನೊಂದು ವರ್ಷ ಆ ಐದನ್ನು ಒತ್ತಿದ್ದೇನೆ. ಅದರ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ. ನೆಂಟರ ಮನೆಗೆ ಹೋದರೆ ಕಾಫಿ ಬರುವ ಮೊದಲೇ ಒಲೆಯ ಕಡೆ ಬಗ್ಗಿ ನೋಡುತ್ತಿದ್ದೆ, ನನ್ನ ಕೈ ದಾಟಿ ಬಂದದ್ದೇನೋ ಇದು ಎಂದು.

ಯುಗಾದಿ ಕಳೆದ ಮೇಲೆ ಒಂದು ದಿನ, ಎಣಿಕೆ ಏಳಕ್ಕೆ ಬಂದಾಗ ಕಣ್ಣು ಮಿಟುಕಿಸಿದೆ. ಸರಿಯಾಗಿ ಅದೇ ಹೊತ್ತಿಗೆ ಗುಳ್ಳೆ ಬಂದು ಹೋಗಿದ್ದರೆ? ಮತ್ತೆ ಮುಳುಗಿಸಿದೆ. ಏನೂ ಇಲ್ಲ. ಪಂಚು ಒತ್ತಿದ ಮೇಲೆ ಇನ್ನೊಮ್ಮೆ ಅನ್ನಿಸಿತು. ಒತ್ತಿದ್ದನ್ನು ಮತ್ತೆ ಮುಳುಗಿಸಿದೆ. ಒಂದು ವಾರದಲ್ಲಿ ಒಂದೊಂದನ್ನು ಮೂರು ಸಲ, ಇನ್ನೊಂದು ವಾರದಲ್ಲಿ ಎಂಟು ಸಲ ನೋಡುತ್ತಿದ್ದೆ. ಮನೆಯಲ್ಲಿ ಒಲೆಯ ತಿರುಗಣೆ ಹಿಡಿದುಕೊಂಡು ನಿಂತರೆ ಬಿಡಲಾಗುತ್ತಿರಲಿಲ್ಲ. ಆರಿಸಿದ್ದೇನೆ ಎಂದು ಕಣ್ಣಿಗೆ ಕಾಣುತ್ತದೆ, ಕೈಗೆ ಗೊತ್ತಾಗುತ್ತದೆ, ಆದರೂ ಒಳಗಿನಿಂದ ಒಂದು ದನಿ "ಖಂಡಿತಾನಾ?" ಎಂದು ಕೇಳುತ್ತಿತ್ತು. ಖಂಡಿತ ಎಂದರೆ "ಇನ್ನೊಂದ್ಸಲ ನೋಡು" ಎನ್ನುತ್ತಿತ್ತು.

ಅದು ಎದೆಗೆ ಇಳಿದದ್ದು ಗುಬ್ಬಿಯ ಬಸ್ಸಿನಲ್ಲಿ. ನನ್ನ ಗಂಡ ಲೋಕೇಶ್ ಗುಬ್ಬಿಯವರು, ಅಲ್ಲೇ ಒಂದು ಶಾಲೆಯಲ್ಲಿ ಗುಮಾಸ್ತರು, ನಾವಿರುವುದು ತುಮಕೂರಿನಲ್ಲಿ. ಅತ್ತೆ ಮನೆಯಲ್ಲಿ ಭಾನುವಾರ ಕಳೆದು ಅವತ್ತೇ ಸಂಜೆ ಹೊರಟಿದ್ದೆವು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಗುಬ್ಬಿ ದಾಟಿ ಸ್ವಲ್ಪ ದೂರ ಬಂದಿರಬಹುದು, ಅತ್ತೆಯ ಮನೆಯ ಒಲೆ ಆರಿಸಿದ್ದೆನೇ ಎಂದು ಅನ್ನಿಸಿತು. ಎದೆಯನ್ನು ಯಾರೋ ಬಟ್ಟೆ ಹಿಂಡುವ ಹಾಗೆ ಹಿಂಡಿದರು. ಬೆರಳು ಜೋಮು ಹಿಡಿದವು, ಕಿವಿ ಮುಚ್ಚಿಕೊಂಡಿತು. ಸತ್ತೇ ಹೋಗುತ್ತೇನೆ, ಇಷ್ಟು ಜನರ ಕಾಲಡಿಯಲ್ಲಿ ಸಾಯುತ್ತೇನೆ ಎಂದು ಅರಚಿದೆ. ಕಂಡಕ್ಟರು "ಇಲ್ಲಿ ಸ್ಟಾಪ್ ಇಲ್ಲ ಕಣಮ್ಮಾ" ಎಂದರು. ಲೋಕೇಶ್ ಜೀವಮಾನದಲ್ಲಿ ಯಾರ ಮೇಲೂ ದನಿ ಎತ್ತಿದವರಲ್ಲ, "ನಿಲ್ಸ್ರೀ ಬಸ್ಸು!" ಎಂದು ಕಿರುಚಿದರು.

ಆಮೇಲೆ ಆಸ್ಪತ್ರೆಗಳು. ಹೃದಯ ಎಂದುಕೊಂಡು ಇಸಿಜಿ, ಇನ್ನೊಮ್ಮೆ ಇಸಿಜಿ, ಎಕೋ, ರಕ್ತ. ಎಲ್ಲ ನಾರ್ಮಲ್. ನಾರ್ಮಲ್ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಏನಾದರೂ ಒಂದು ಸಿಕ್ಕಿಬಿಡಲಿ, ಕೊಯ್ದು ತೆಗೆಯಲಿ ಎಂದು ಬೇಡಿಕೊಂಡಿದ್ದೇನೆ. ಒಬ್ಬರು ಗ್ಯಾಸ್ಟ್ರಿಕ್ ಎಂದರು. ಇನ್ನೊಬ್ಬರು "ಈ ವಯಸ್ಸಲ್ಲಿ ಹೆಂಗಸರಿಗೆ ಹೀಗೆಲ್ಲಾ ಆಗುತ್ತೆ" ಎಂದು ನನ್ನ ಮುಖ ನೋಡದೇ ಲೋಕೇಶರಿಗೆ ಹೇಳಿದರು. ಪಕ್ಕದಲ್ಲೇ ಕೂತಿದ್ದ ನಾನೇನು ಹೆಣವೇ ಎಂದು ಕೇಳಬೇಕೆನ್ನಿಸಿತು, ಕೇಳಲು ಉಸಿರಿರಲಿಲ್ಲ.

ಕುಣಿಗಲ್ ಹತ್ತಿರದ ಕೊತ್ತಗೆರೆಯಿಂದ ನನ್ನ ಅಮ್ಮ ಬಂದಳು. ಚೀಲದಲ್ಲಿ ನಾಲ್ಕು ತೆಂಗಿನಕಾಯಿ, ರಾಗಿ ಹಿಟ್ಟು, ಒಂದು ತಾಯತ.

"ಯಾರ್ದೋ ಕಣ್ಣು ಬಿದ್ದೈತೆ ಬುಡು. ಕಟ್ಕೊ ಇದ್ನ."

"ಅಮ್ಮಾ, ನಂಗೆ ಆಗಿರೋದು ದೃಷ್ಟಿ ಅಲ್ಲ."

"ಏನ್ ಅಂತ ನಿಂಗಾದ್ರೂ ಗೊತ್ತಾ?"

ಗೊತ್ತಿರಲಿಲ್ಲ, ಕಟ್ಟಿಸಿಕೊಂಡೆ. ಅಮ್ಮ ಇದ್ದ ಹತ್ತು ದಿನವೂ ನಾನು ಅಡುಗೆಮನೆಯ ಕಡೆ ಹೊರಟರೆ ಬಾಗಿಲಿಗೆ ಅಡ್ಡ ನಿಂತು, "ನಾನೇ ಆರ್ಸಿದೀನಿ, ನನ್ನಾಣೆ, ನೀನ್ ನೋಡ್ಬೇಡ" ಎನ್ನುತ್ತಿದ್ದಳು. ಆ ಕ್ಷಣಕ್ಕೆ ಹಾಯೆನಿಸುತ್ತಿತ್ತು. ಅರ್ಧ ಗಂಟೆಯಲ್ಲಿ ಅಮ್ಮನ ಆಣೆಯೂ ಸಾಲುತ್ತಿರಲಿಲ್ಲ.

ಕೊನೆಗೆ ಒಬ್ಬ ವಯಸ್ಸಾದ ಫಿಜಿಷಿಯನ್ ಒಂದು ಚೀಟಿ ಬರೆದುಕೊಟ್ಟು, ಮನಸ್ಸಿನ ಡಾಕ್ಟರನ್ನು ನೋಡಿ ಎಂದರು. ಆ ಕ್ಲಿನಿಕ್ಕು ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲಿನ ಬುಡದಲ್ಲಿ ನಿಂತು, ಗುರುತಿನವರು ಯಾರಾದರೂ ಇದ್ದಾರೋ ಎಂದು ಎರಡೂ ಕಡೆ ನೋಡಿ, ಮಾಸ್ಕ್ ಹಾಕಿಕೊಂಡು, ಕಳ್ಳಿಯ ಥರ ಹತ್ತಿದೆ. ಒಳಗೆ ಕಾಲಿಡಲಾಗದಷ್ಟು ಜನ. ಎಲ್ಲರೂ ನೆಲ ನೋಡುತ್ತಿದ್ದರು. ಕಾಂಪೌಂಡರು ಹೆಸರು ಕೂಗದೆ ನಂಬರು ಕೂಗುತ್ತಿದ್ದರು, ಆ ಒಂದು ಉಪಕಾರಕ್ಕೆ ಅವರಿಗೆ ಕೈ ಮುಗಿಯಬೇಕೆನ್ನಿಸಿತು. ಪಕ್ಕದಲ್ಲಿ ಕುಣಿಗಲ್ ಕಡೆಯ ಒಬ್ಬ ಹೆಂಗಸು ಚೀಲದಿಂದ ರಸ್ಕು ತೆಗೆದು ಮುರಿದು ಅರ್ಧ ನನ್ನ ಕೈಗಿಟ್ಟಳು.

"ಮೊದಲ್ನೇ ಸಲನಾ?"

"ಹೂಂ."

"ಮೂರನೇ ಸಲಕ್ಕೆ ಮಾಸ್ಕ್ ಬೇಕಾಗಲ್ಲ. ತಿನ್ನು, ನಿನ್ ನಂಬರ್ ಬರೋಕೆ ಇನ್ನೂ ಹೊತ್ತಾಗ್ತದೆ."

ಡಾಕ್ಟರು ನನ್ನ ವಯಸ್ಸಿನವರೇ. ನಾನು ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೇ ಕೇಳಿದರು. "ಇದಕ್ಕೆ ಗೀಳು ಅಂತೀವಿ. ಹುಚ್ಚಲ್ಲ. ಮಾತ್ರೆ ಕೊಡ್ತೀನಿ, ಅದು ಅರ್ಧ ಕೆಲಸ. ಇನ್ನರ್ಧ ನಿಮ್ದು. ಒಂದ್ಸಲ ನೋಡಿ, ಬಿಡಿ. ಅನುಮಾನ ಇದ್ರೂ ಬಿಡಿ."

ನನಗೆ ಸಿಟ್ಟು ಬಂತು. "ಸಾರ್, ಅದು ಗ್ಯಾಸು. ನಾನು ಬಿಟ್ಟಿದ್ದು ನಿಮ್ಮನೆ ಒಲೆಗೇ ಬಂದ್ರೆ?"

"ನಮ್ಮನೆ ಒಲೇದೂ ಯಾರೋ ಒಂದ್ಸಲ ನೋಡಿ ಬಿಟ್ಟಿರೋದೇ ಅಲ್ವಾ?" ಎಂದರು. ಚೀಟಿ ಬರೆಯುತ್ತಾ ಮುಂದುವರಿಸಿದರು. "ದಿನಾ ನಡೀರಿ. ಒಬ್ರೇ ಬೇಡ. ಒಬ್ರೇ ಹೋದ್ರೆ ಕಾಲಲ್ಲಿ ನಡಿಯಲ್ಲ, ತಲೇಲಿ ನಡೀತೀರಿ."

ಮಾತ್ರೆಯ ಮೊದಲ ಎರಡು ವಾರ ನರಕ. ವಾಕರಿಕೆ, ಮಂಪರು, ಅದರ ಮೇಲೆ ಅದೇ ಅನುಮಾನ. ಕೆಲಸಕ್ಕೆ ಹೋಗುತ್ತಿದ್ದೆ, ಆದರೆ ನನ್ನ ಎಡಗಡೆ ಪರೀಕ್ಷೆಯಾಗದ ವಾಲ್ವುಗಳ ತಟ್ಟೆಗಳು ಗೋಡೆಯ ಹಾಗೆ ಏಳುತ್ತಿದ್ದವು. ನಮ್ಮ ಮಾಲೀಕರು, ಎಲ್ಲರೂ ಅವರನ್ನು ಸಾರ್ ಎನ್ನುತ್ತೇವೆ, ಒಳ್ಳೆಯವರೇ. ಆದರೆ ತಟ್ಟೆಗಳು ಅವರಿಗೂ ಕಾಣುತ್ತಿದ್ದವು. "ಗಿರಿಜಮ್ಮ, ಆಗ್ದೇ ಇದ್ರೆ ಹೇಳಿ, ಸ್ವಲ್ಪ ದಿನ ಪ್ಯಾಕಿಂಗಿಗೆ ಹೋಗಿ" ಎಂದರು. ಪ್ಯಾಕಿಂಗ್ ಕೆಟ್ಟ ಕೆಲಸವಲ್ಲ. ಆದರೆ ಒಮ್ಮೆ ಐದನೇ ನಂಬರು ಕೆಳಗಿಟ್ಟರೆ ನನ್ನ ಕಣ್ಣನ್ನು ನಾನು ಮತ್ತೆಂದೂ ನಂಬಲಾರೆ ಎಂದು ನನಗೆ ಗೊತ್ತಿತ್ತು. ಇನ್ನೂ ಎರಡು ತಿಂಗಳು ಕೊಡಿ ಎಂದು ಕೇಳಿಕೊಂಡೆ.

ನಡಿಗೆ ಶುರುವಾದದ್ದು ಸ್ಟೋರ್ ನೋಡಿಕೊಳ್ಳುವ ಶಿವಣ್ಣನಿಂದ. ಐವತ್ತು ದಾಟಿದ ಮನುಷ್ಯ, ಸಕ್ಕರೆ ಕಾಯಿಲೆ, ಮಾತಿನಲ್ಲಿ ಮಾತ್ರ ಸಕ್ಕರೆಯಿಲ್ಲ. "ನಮ್ ಡಾಕ್ಟ್ರೂ ಅದೇ ಹೇಳವ್ರೆ ಕಣಮ್ಮ, ನಡೀಬೇಕಂತೆ. ನಂಗೆ ಸೋಂಬೇರಿತನ, ನಿಂಗೆ ಹೆದ್ರಿಕೆ. ಬಾ, ಇಬ್ರೂ ಸೇರಿ ಹೋಗಾನ." ಪ್ಯಾಕಿಂಗಿನ ಮಂಜುಳಾ ತಂಗಿಯ ಮದುವೆಯೊಳಗೆ ತೆಳ್ಳಗಾಗಬೇಕೆಂದು ಜೊತೆಗೂಡಿದಳು. ಊಟ ಮುಗಿದ ಮೇಲೆ ಇಪ್ಪತ್ತು ನಿಮಿಷ. ಗೇಟಿನಿಂದ ಎಡಕ್ಕೆ, ಮರ ಕೊಯ್ಯುವ ಮಿಲ್ಲು ದಾಟಿ, ಪ್ಲಾಸ್ಟಿಕ್ ಕ್ಯಾನುಗಳ ಶೆಡ್ಡು ಬಳಸಿ, ಟೀ ಅಂಗಡಿಯವರೆಗೆ ಹೋಗಿ ವಾಪಸು. ಯಶೋದಕ್ಕ ಮಾತ್ರ, "ನಂಗೆ ಮಂಡಿ ನೋವು ಕಣೇ, ನೀವ್ ಹೋಗ್ಬನ್ನಿ" ಎಂದು ಮೇಜಿನಲ್ಲೇ ಉಳಿಯುತ್ತಿದ್ದಳು. ಸಂಜೆ ಬಸ್ ಸ್ಟಾಪಿನವರೆಗಿನ ನಡಿಗೆಗೆ ನಾಲ್ವರೂ ಇರುತ್ತಿದ್ದೆವು.

ಶಿವಣ್ಣ ಒಂದು ಕಟ್ಟಳೆ ಹಾಕಿದ. ಕಾಯಿಲೆಯ ಮಾತೆಲ್ಲ ಗೇಟಿನ ಒಳಗೆ, ರಸ್ತೆಗೆ ಬಂದ ಮೇಲೆ ಯಾರೂ ಎತ್ತಬಾರದು. ಹಾಗಾಗಿ ರಸ್ತೆಯಲ್ಲಿ ಹುಣಸೆಹಣ್ಣು ಯಾವಾಗ ಕೊಳ್ಳಬೇಕು, ಮದುವೆಯ ರವಿಕೆಗೆ ತೋಳು ಉದ್ದವೋ ಗಿಡ್ಡವೋ, ಶಿವಣ್ಣನ ಹೆಂಡತಿ ಗೊರಕೆ ಹೊಡೆಯುತ್ತಾಳೋ ಅವನೇ ಹೊಡೆಯುತ್ತಾನೋ ಎಂಬ ಮಾತು. ಮೂರನೆಯ ದಿನ ಮಿಲ್ಲಿನ ಮುಂದೆ ನನಗೆ ಬಸ್ಸಿನಲ್ಲಿ ಆದದ್ದೇ ಆಯಿತು. ಮುಚ್ಚಿದ ಗೇಟೊಂದನ್ನು ಹಿಡಿದು ನಿಂತೆ. ಮೈಯೆಲ್ಲ ಬೆವರು. ನನ್ನನ್ನು ಎತ್ತಿಕೊಂಡು ಓಡುತ್ತಾರೆ, ಮುಖಕ್ಕೆ ನೀರು ಎರಚುತ್ತಾರೆ ಎಂದುಕೊಂಡಿದ್ದೆ. ಇಬ್ಬರೂ ಸುಮ್ಮನೆ ಪಕ್ಕದಲ್ಲಿ ನಿಂತರು. ಮಂಜುಳಾ ರವಿಕೆಯ ಮಾತನ್ನು ನಿಲ್ಲಿಸಲೂ ಇಲ್ಲ. ಶಿವಣ್ಣ ಗಡಿಯಾರ ನೋಡಿ, "ಇನ್ನೂ ಒಂಬತ್ ನಿಮ್ಷ ಐತೆ. ನಿಂತ್ಕಾ, ಯಾರೂ ಅಟ್ಟುಸ್ಕೊಂಡ್ ಬರ್ತಿಲ್ಲ" ಎಂದ. ಐದು ನಿಮಿಷದಲ್ಲಿ ಅದು ಇಳಿಯಿತು. ಅದು ತಾನಾಗಿ ಇಳಿಯುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಒಂದು ತಿಂಗಳ ಹೊತ್ತಿಗೆ, ನಡೆದು ಬಂದ ಮೇಲೆ ಒಂದು ಗಂಟೆ ಕೈ ಹಗುರಾಗಿರುತ್ತಿತ್ತು. ಎಂಟು ಸಲ ನೋಡುತ್ತಿದ್ದವಳು ಮೂರಕ್ಕೆ ಇಳಿದೆ. ಕೆಲವನ್ನು ಒಂದೇ ಸಲ ನೋಡಿ, ಹಲ್ಲು ಕಚ್ಚಿ, ಬಿಟ್ಟೆ. ಮನೆಯಲ್ಲಿ ಮಗಳು "ಅಮ್ಮ ನಗ್ತಿದಾಳೆ" ಎಂದು ಅಪ್ಪನಿಗೆ ವರದಿ ಒಪ್ಪಿಸಿದಳು.

ಅಷ್ಟರಲ್ಲಿ ಲೆಕ್ಕ ತಪ್ಪತೊಡಗಿತು.

ಒಂದು ಮಧ್ಯಾಹ್ನ ನಡೆದು ಬಂದು ನೋಡುತ್ತೇನೆ, ನಾನು ಮುಗಿಸಿಟ್ಟ ತಟ್ಟೆಯಲ್ಲಿ ಎರಡು ಸಾಲು ಇದ್ದದ್ದು ನಾಲ್ಕಾಗಿದೆ. ಮರೆತಿರಬೇಕು ಎಂದುಕೊಂಡೆ. ಮಾರನೆಯ ದಿನ ಹೊರಡುವ ಮುಂಚೆ ಬೆರಳಿಟ್ಟು ಎಣಿಸಿದೆ: ಇಪ್ಪತ್ತೆರಡು. ಬಂದಾಗ ನಲವತ್ತೊಂದು. ಒಂದೊಂದನ್ನೂ ತಿರುಗಿಸಿ ನೋಡಿದೆ. ಎಲ್ಲದರ ಮೇಲೂ ಐದು.

"ಅಕ್ಕಾ, ನಾನು ಊಟಕ್ಕೆ ಮುಂಚೆ ಎಷ್ಟು ಮುಗಿಸಿದ್ದೆ?"

ಯಶೋದಕ್ಕ ತೊಟ್ಟಿಯಿಂದ ತಲೆ ಎತ್ತಲಿಲ್ಲ. "ನಂಗೇನ್ ಗೊತ್ತು? ನಿನ್ ತಟ್ಟೆ ನೀನ್ ನೋಡ್ಕೊಬೇಕಪ್ಪ."

ಒಬ್ಬರ ಪಂಚನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹಾಗಾದರೆ ಎಣಿಸಿದ ಮೇಲೆ, ನಡಿಗೆಗೆ ಹೊರಡುವ ಮುಂಚೆ, ಒತ್ತಿದವಳು ನಾನೇ. ಒತ್ತಿದ ನೆನಪೇ ಇಲ್ಲದೆ, ಬಹುಶಃ ನೀರಿನಲ್ಲಿ ಮುಳುಗಿಸದೆಯೇ, ಹತ್ತೊಂಬತ್ತು ವಾಲ್ವುಗಳ ಮೇಲೆ ಐದನ್ನು ಒತ್ತಿದ್ದೇನೆ. ಅನುಮಾನ ಎಂದು ಡಾಕ್ಟರು ಯಾವುದನ್ನು ಕರೆಯುತ್ತಿದ್ದರೋ ಅದು ಅನುಮಾನವಲ್ಲ, ನಿಜ. ಎರಡು ವಾರ ಹೀಗೇ ಆಯಿತು. ದಿನಾ ಎಣಿಸಿ ಹೋಗುವುದು, ದಿನಾ ಹೆಚ್ಚಾಗಿರುವುದು. ರಸ್ತೆಯಲ್ಲಿ ಮಂಜುಳಾ ಏನು ಹೇಳುತ್ತಿದ್ದಳೋ ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ಇವತ್ತು ಎಷ್ಟಾಗಿರುತ್ತದೋ ಎಂದು ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕುತ್ತಿದ್ದೆ. ಕಾಯಿಲೆಯ ಮಾತು ಎತ್ತಬಾರದೆಂಬ ಕಟ್ಟಳೆ ಬೇರೆ, ಬಾಯಿ ಮುಚ್ಚಿಕೊಂಡು ನಡೆದೆ.

ಮತ್ತೆ ಆ ಮಹಡಿ, ಆ ಬೆಂಚು. "ಸಾರ್, ನಾನು ಮಾಡಿದ್ದು ನನಗೇ ನೆನಪಿರಲ್ಲ" ಎಂದಾಗ ಡಾಕ್ಟರ ಮುಖ ಬದಲಾಯಿತು. ತಿರುಗಿಸಿ ಮುರುಗಿಸಿ ಕೇಳಿದರು. ರಕ್ತ ಪರೀಕ್ಷೆ ಬರೆದರು, ಒಂದು ಮಾತ್ರೆ ಬದಲಿಸಿದರು. "ಮುಂದಿನ ವಾರ ನಿಮ್ಮನೆಯವರನ್ನೂ ಕರ್ಕೊಂಡ್ ಬನ್ನಿ" ಎಂದರು. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡೆ. ಕನ್ನಡಿಯ ಮುಂದೆ ಹುಚ್ಚಿ ಎಂದುಕೊಂಡದ್ದು ಅದರ ಮಾರನೆಯ ಬೆಳಗ್ಗೆ.

ಆ ಶುಕ್ರವಾರ ಮಾಲೀಕರಿಗೆ ಕಾಗದ ಬರೆದುಕೊಟ್ಟೆ. ನೋಡದೇ ಪಂಚು ಒತ್ತುತ್ತಿದ್ದೇನೆ, ನನಗೇ ಗೊತ್ತಾಗುತ್ತಿಲ್ಲ, ದಯವಿಟ್ಟು ನನ್ನ ಕೈಯಿಂದ ಇದನ್ನು ತೆಗೆದುಕೊಳ್ಳಿ ಎಂದು. ಹನ್ನೊಂದು ವರ್ಷದ ಕೆಲಸವನ್ನು ನಾಲ್ಕು ಸಾಲಿನಲ್ಲಿ ಕಳೆದುಕೊಳ್ಳುವಾಗ ಅಳು ಕೂಡ ಬರಲಿಲ್ಲ. ಅವರು ಎರಡು ಸಲ ಓದಿದರು. ಪುಣ್ಯಕ್ಕೆ ಆ ಎರಡು ವಾರದ ಮಾಲು ಲಾರಿ ಹತ್ತಿರಲಿಲ್ಲ, ಶಿವಣ್ಣನ ಸ್ಟೋರಿನಲ್ಲೇ ಇತ್ತು. ಅದನ್ನು ತಡೆಯಲು ಹೇಳಿ, "ಸೋಮವಾರ ತೀರ್ಮಾನ ಹೇಳ್ತೀನಿ" ಎಂದರು.

ಸಂಜೆ ಬಸ್ ಸ್ಟಾಪಿನ ದಾರಿಯಲ್ಲಿ ಕಟ್ಟಳೆ ಮುರಿದೆ. ಮೂವರಿಗೂ ಎಲ್ಲ ಹೇಳಿದೆ: ಎಣಿಸಿದ್ದು, ಹೆಚ್ಚಾದದ್ದು, ಡಾಕ್ಟರು, ಕಾಗದ. ಎದುರೆದುರು ಕೂತಿದ್ದರೆ ಹೇಳುತ್ತಿರಲಿಲ್ಲ. ನಡೆಯುವಾಗ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಯಶೋದಕ್ಕ ನಿಂತುಬಿಟ್ಟಳು.

"ಕಾಗ್ದ ಕೊಟ್ಬಿಟ್ಯಾ?"

"ಕೊಟ್ಟೆ."

"ಅಯ್ಯೋ ನನ್ ಕರ್ಮ. ಅದು ನಾನು ಕಣೇ."

"ಏನ್ ನೀನು?"

"ನಿನ್ ಪಂಚು. ಈ ಎರಡ್ ವಾರದಿಂದ ನೀವ್ ಹೋದ್ಮೇಲೆ ನಾನೇ ಹಾಕ್ತಿದ್ದೆ. ನೋಡ್ದೇ ಹಾಕಿಲ್ಲ, ನೀರಲ್ಲಿ ಅದ್ದಿ ಅದ್ದಿ ನೋಡೇ ಹಾಕಿದೀನಿ, ನನ್ ಮಕ್ಕಳಾಣೆ. ನಿನ್ ತಟ್ಟೆ ಹಂಗೇ ಏರ್ತಿತ್ತು. ಸಾರ್ ಪ್ಯಾಕಿಂಗಿಗೆ ಹಾಕ್ತಾರೇನೋ ಅಂತ..."

ಮಧ್ಯಾಹ್ನ ನೋಯುವ ಮಂಡಿ ಸಂಜೆ ಯಾಕೆ ನೋಯುವುದಿಲ್ಲ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಮೊದಲು ಬಂದದ್ದು ಸಂತೋಷ. ನನಗೆ ಹುಚ್ಚಿಲ್ಲ! ನನ್ನ ಲೆಕ್ಕ ಸರಿಯಿತ್ತು! ಅದರ ಹಿಂದೆಯೇ ಬಂದ ಸಿಟ್ಟಿಗೆ ಕಣ್ಣು ಕತ್ತಲಿಟ್ಟಿತು.

"ನಾನು ಕೇಳ್ದಾಗ ಹೇಳೋಕೇನಾಗಿತ್ತು ನಿಂಗೆ? ಕೇಳಿದ್ನಲ್ಲ! ಬಾಯ್ಬಿಟ್ಟು ಕೇಳಿದ್ನಲ್ಲ! ಹುಚ್ಚಿನ ಮಾತ್ರೆ ನುಂಗಿದೀನಿ ಕಣೇ ನಾನು, ನಿನ್ನಿಂದ!"

"ಹೇಳಿದ್ರೆ ನೀನು ಬೇಡ ಅಂತಿದ್ದೆ..."

"ಹೂಂ, ಅಂತಿದ್ದೆ! ನನ್ ಕಣ್ಣು ನಂದು. ಅದ್ನೂ ಕಿತ್ಕೊಂಡ್ಯಲ್ಲ!"

ಅವಳನ್ನು ಹಾಗೆ ಬೈದದ್ದು ಅದೇ ಮೊದಲು. ಮೂವರನ್ನೂ ಬಿಟ್ಟು ಒಬ್ಬಳೇ ಮುಂದೆ ನಡೆದೆ. ಸರ್ವಿಸ್ ರಸ್ತೆಯ ಕೊನೆಯಲ್ಲಿ ಎದೆ ಹಿಂಡಿತು. ಕರೆಂಟು ಕಂಬ ಹಿಡಿದು ನಿಂತೆ. ಹಿಂದೆ ಬರುತ್ತಿದ್ದ ಹೆಜ್ಜೆಗಳೂ ನಿಂತವು. ಯಾರೂ ಹತ್ತಿರ ಬರಲಿಲ್ಲ, ಯಾರೂ ನನ್ನನ್ನು ದಾಟಿ ಹೋಗಲೂ ಇಲ್ಲ. ಊರ್ಡಿಗೆರೆ ಬಸ್ಸು ಬಂದು ನಿಂತು ಹೊರಟುಹೋಯಿತು, ಯಶೋದಕ್ಕ ಹತ್ತಲಿಲ್ಲ. ಎದೆ ಇಳಿದ ಮೇಲೆ ಹಿಂದಿರುಗಿ ನೋಡದೆ ಆಟೋ ಹತ್ತಿದೆ.

ಭಾನುವಾರ ಗುಬ್ಬಿಯಲ್ಲಿ ಲೋಕೇಶ್ ಒಂದೇ ಹಟ. "ಸೋಮವಾರ ಇದ್ದದ್ದು ಇದ್ದಂಗೆ ಹೇಳ್ಬಿಡು. ನೀನ್ಯಾಕೆ ಕೆಲ್ಸ ಬಿಡ್ಬೇಕು?" ಹೇಳಿದರೆ ಯಶೋದಕ್ಕನ ಕೆಲಸ ಹೋಗುತ್ತದೆ. ಗಂಡ ಇಲ್ಲದ ಹೆಂಗಸು, ಅವಳ ದುಡಿಮೆಯಲ್ಲೇ ಮನೆ ನಡೆಯುವುದು. ಹೇಳದಿದ್ದರೆ ನನ್ನ ಐದು ಹೋಗುತ್ತದೆ, ಅದರ ಜೊತೆಗೆ ನಾನೂ. ಒಳ್ಳೆಯವಳಾಗಿ ಕಾಣಬೇಕೆಂದು ಇಲ್ಲಿ ಸುಳ್ಳು ಬರೆಯುವುದಿಲ್ಲ. ಹೇಳಬೇಕೆಂದೇ ತೀರ್ಮಾನಿಸಿದ್ದೆ. ಅತ್ತೆ ಮಾತ್ರ, "ಅವಳ್ ಮಾಡಿದ್ದು ತಪ್ಪು. ಆದ್ರೆ ನಿಂಗೋಸ್ಕರ ಮನೇಲಿ ನಾವ್ಯಾರಾದ್ರೂ ಒಂದಿನ ಊಟದ ಹೊತ್ತು ಬಿಟ್ವಾ?" ಎಂದರು. ಅದಕ್ಕೂ ಸಿಟ್ಟು ಬಂತು.

ಸೋಮವಾರ ಮಾಲೀಕರು ಬರುವ ಹೊತ್ತಿಗೆ ನಾನು ಮೇಜಿನಲ್ಲಿ ಸುಮ್ಮನೆ ಕೂತಿದ್ದೆ, ತೊಟ್ಟಿಗೆ ಕೈ ಹಾಕಿರಲಿಲ್ಲ. ಪಕ್ಕದಲ್ಲಿ ಯಶೋದಕ್ಕ. ಒಳಗಿನಿಂದ "ಗಿರಿಜಮ್ಮ" ಎಂದು ಕರೆ ಬಂತು. ಎದ್ದೆ.

"ತಡಿಯೇ" ಎಂದಳು ಯಶೋದಕ್ಕ. "ನಾನ್ ಹೇಳ್ತೀನಿ. ನಾನೇ ಹೇಳ್ಬೇಕು." ಎದ್ದು ನಿಂತಳು. ನಿಂತವಳು ಹಾಗೇ ಮೇಜು ಹಿಡಿದುಕೊಂಡಳು. ತುಟಿ ಬಿಳಿಚಿತ್ತು. "ಕಾಲೇ ಬರ್ತಿಲ್ಲ ಕಣೇ ಗಿರ್ಜಿ."

ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು, ಒಳಗಿನಿಂದ ಗೊತ್ತಿತ್ತು. ಸಿಟ್ಟು ಇನ್ನೂ ಇತ್ತು, ಒಂದು ಚೂರೂ ಇಳಿದಿರಲಿಲ್ಲ. ಸಿಟ್ಟಿನಲ್ಲೇ ಅವಳ ಪಕ್ಕಕ್ಕೆ ಹೋಗಿ ನಿಂತೆ. ಮುಟ್ಟಲಿಲ್ಲ. ಅವಳು ಒಂದು ಹೆಜ್ಜೆ ಇಟ್ಟಳು, ನಾನೂ ಇಟ್ಟೆ. ನಮ್ಮ ಶೆಡ್ಡು ಎಷ್ಟು ಉದ್ದ ಎಂದು ಅವತ್ತೇ ಗೊತ್ತಾದದ್ದು. ಲೇತ್ ಮೆಷಿನ್ನಿನವರು ಕೆಲಸ ನಿಲ್ಲಿಸಿ ನೋಡಿದರು. ನಡುವೆ ಅವಳು ನಿಂತಾಗ ನಾನೂ ನಿಂತೆ, ಮತ್ತೆ ಹೊರಟಾಗ ಹೊರಟೆ.

ಯಶೋದಕ್ಕ ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಮಾಲೀಕರು ಮೇಜಿಗೆ ಹೊಡೆದು ಎದ್ದರು. "ಇದು ಗ್ಯಾಸ್ ಕಣಮ್ಮಾ! ತಮಾಷೆನಾ? ಇವತ್ತೇ ಮನೆಗೆ ಹೋಗಿ!" ಎಂದರು. ನಾನು ಬಾಯಿ ಹಾಕಿದ್ದು ಕರುಣೆಯಿಂದಲ್ಲ. ಸ್ಟೋರಿನಲ್ಲಿದ್ದ ಮಾಲಿನ ಯೋಚನೆ ನನ್ನನ್ನು ತಿನ್ನುತ್ತಿತ್ತು.

"ಅಕ್ಕ ಹೋದ್ರೆ ಸ್ಟೋರಲ್ಲಿರೋದನ್ನ ಯಾರು ನೋಡ್ತಾರೆ ಸಾರ್? ಒಂದೊಂದೂ ಮತ್ತೆ ನೋಡ್ಬೇಕು. ನಾನೊಬ್ಳೇ ಕೂತ್ರೆ ಮುಂದಿನ್ ಯುಗಾದಿಗೂ ಅಲ್ಲೇ ಕೂತಿರ್ತೀನಿ, ನಿಮಗೇ ಗೊತ್ತಲ್ಲ."

ನನ್ನ ಕಾಯಿಲೆಯನ್ನು ನಾನೇ ಆಡಿಕೊಂಡದ್ದು ಅದೇ ಮೊದಲು. ಮಾಲೀಕರು ನಗಲಿಲ್ಲ, ಆದರೆ ಕೂತರು. ಮೊದಲು ಆ ಮಾಲೆಲ್ಲ ಇಬ್ಬರೂ ನೋಡಿ, ಒಂದೊಂದನ್ನು ಒಂದೇ ಸಲ, ಉಳಿದದ್ದು ಆಮೇಲೆ ಎಂದರು.

ಎರಡು ದಿನ ಎದುರುಬದುರು ತೊಟ್ಟಿಗಳಲ್ಲಿ ಮುಳುಗಿಸಿದೆವು, ಮಾತಿಲ್ಲದೆ. ಎರಡನೆಯ ದಿನ ಮಧ್ಯಾಹ್ನ ನನ್ನ ತೊಟ್ಟಿಯಲ್ಲಿ ಒಂದು ಸೋರಿತು. ಎಣಿಕೆ ಎಂಟಕ್ಕೆ, ಸಣ್ಣ ಗುಳ್ಳೆ, ಸಾಸಿವೆಯಷ್ಟು. ಸಂಜೆಗೆ ಯಶೋದಕ್ಕನ ತೊಟ್ಟಿಯಲ್ಲಿ ಇನ್ನೊಂದು. ಅಷ್ಟು ಮಾಲಿನಲ್ಲಿ ಎರಡು. ಎರಡರ ಮೇಲೂ ಐದು.

ಮಾಲೀಕರು ಅವನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು. "ಯಾರ್ದು ಇದು?"

ನಾನು ಒತ್ತಿದ್ದೂ ಐದು, ಅವಳು ಒತ್ತಿದ್ದೂ ಐದು. ಹೇಳುವ ದಾರಿಯೇ ಇರಲಿಲ್ಲ. ಇಬ್ಬರೂ ಒಟ್ಟಿಗೆ "ಗೊತ್ತಿಲ್ಲ ಸಾರ್" ಎಂದೆವು. ಅವರು ಎರಡನ್ನೂ ಮೇಜಿನ ಮೇಲಿಟ್ಟರು. ಯಶೋದಕ್ಕನಿಗೆ ಮೂರು ತಿಂಗಳು ಪ್ಯಾಕಿಂಗು ಎಂದರು, ಕೆಲಸದಿಂದ ತೆಗೆಯಲಿಲ್ಲ. ನನ್ನ ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು. "ನಾಳೆಯಿಂದ ನೀವೊಬ್ರೇ ಆ ಮೇಜಲ್ಲಿ. ಆಗುತ್ತಾ?" ಎಂದು ಕೇಳಿದರು. ಆಗುತ್ತೆ ಎಂದೆ. ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಡಾಕ್ಟರು ಕಥೆಯನ್ನೆಲ್ಲ ಕೇಳಿ ಬದಲಿಸಿದ ಮಾತ್ರೆಯನ್ನು ನಿಲ್ಲಿಸಿದರು. ಹಳೆಯ ಮಾತ್ರೆ ಅರ್ಧದಷ್ಟು ಇನ್ನೂ ನಡೆಯುತ್ತಿದೆ. ಒಲೆಯ ಮುಂದೆ ಈಗಲೂ ಕೆಲವು ದಿನ ಎರಡು ಸಲ ನಿಲ್ಲುತ್ತೇನೆ. ವಾಸಿಯಾಯಿತು ಎಂದು ಬರೆಯಲಾರೆ, ಇದ್ದುಕೊಂಡು ಹೋಗಲು ಕಲಿತೆ ಎಂದಷ್ಟೇ ಹೇಳಬಲ್ಲೆ. ಮಾಸ್ಕ್ ಹಾಕುವುದನ್ನು ಬಿಟ್ಟಿದ್ದೇನೆ.

ಆದರೆ ಆ ಎರಡು ಸೋರಿದ ಮಾರನೆಯ ದಿನದ ಮಾತು ಹೇಳಬೇಕು. ಬೆಳಗ್ಗೆ ಒಬ್ಬಳೇ ಕೂತು ಮೊದಲನೆಯ ವಾಲ್ವನ್ನು ಮುಳುಗಿಸಿದೆ. ಹತ್ತು ಎಣಿಸಿದೆ. ಐದನ್ನು ಒತ್ತಿದೆ. ಆ ಎರಡು ನನ್ನವೇ ಆಗಿದ್ದರೆ ಎಂಬುದು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಮತ್ತೆ ಮುಳುಗಿಸಲು ಕೈ ಹೋಯಿತು, ಎಳೆದುಕೊಂಡೆ, ಮುಂದಿನದನ್ನು ತೆಗೆದೆ. ಊಟದ ಹೊತ್ತಿಗೆ ಸೀರೆ ಬೆನ್ನಿಗೆ ಅಂಟಿತ್ತು.

ಊಟವಾದ ಮೇಲೆ ಗೇಟಿನ ಹತ್ತಿರ ಶಿವಣ್ಣ, ಮಂಜುಳಾ ನಿಂತಿದ್ದರು. ಸ್ವಲ್ಪ ದೂರದಲ್ಲಿ ಯಶೋದಕ್ಕ, ಬರಲೋ ಬೇಡವೋ ಎಂಬಂತೆ. ನಾನು ಕರೆಯಲಿಲ್ಲ, ಬೇಡ ಎನ್ನಲೂ ಇಲ್ಲ. ಹೊರಟೆವು, ಅವಳೂ ಹೊರಟಳು. ಮಿಲ್ಲು ದಾಟುವ ಹೊತ್ತಿಗೆ ನನ್ನ ಪಕ್ಕಕ್ಕೆ ಬಂದಿದ್ದಳು. ತಗ್ಗಿದ ದನಿಯಲ್ಲಿ ಹೇಳಿದಳು.

"ಗಿರ್ಜಿ, ಆ ಎರಡೂ ನಂದೇ ಕಣೇ. ಅವಸರದಲ್ಲಿ ಒತ್ತಿದ್ದೆ. ನಿಂದಲ್ಲ."

ಎಷ್ಟು ಬೇಕಾಗಿತ್ತು ನನಗೆ ಆ ಮಾತು! ಹೌದು ಎಂದುಕೊಂಡುಬಿಟ್ಟರೆ ಸಾಕು, ಬೆಳಗಿನಿಂದ ಎದೆಯಲ್ಲಿ ಕೂತಿದ್ದು ಎದ್ದುಹೋಗುತ್ತಿತ್ತು. ಅವಳಿಗೂ ಗೊತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಇವತ್ತು ಆ ಮಾತು ಈಸಿಕೊಂಡರೆ ನಾಳೆ ಮತ್ತೆ ಕೇಳಬೇಕಾಗುತ್ತದೆ ಎಂದೂ ಗೊತ್ತಿತ್ತು.

"ನಿಂದು ಅಂತ ಹೇಳ್ಬೇಡ ಅಕ್ಕಾ. ನಂದಲ್ಲ ಅಂತಾನೂ ಹೇಳ್ಬೇಡ. ಯಾರ್ದೋ ನಮಗಿಬ್ರಿಗೂ ಗೊತ್ತಿಲ್ಲ. ಸುಮ್ನೆ ನಡಿ."

ಮುಂದೆ ಮಂಜುಳಾ ರವಿಕೆಯ ತೋಳಿನ ಮಾತು ಎತ್ತಿದ್ದಳು. ಎದೆ ಹಿಂಡುತ್ತಲೇ ಇತ್ತು. ನಾನು ನಿಲ್ಲಲಿಲ್ಲ, ಟೀ ಅಂಗಡಿಯವರೆಗೂ ಯಶೋದಕ್ಕನ ಜೊತೆಗೇ ನಡೆದೆ.